ಮಾವನವರ ಎಡಗಡೆಯ ಸೊಟ್ಟ ಹಲ್ಲು

"ಎಷ್ಟು ಬಿಳಿ ಬೇಕು, ಸಾರ್?"

ಈ ಪ್ರಶ್ನೆಗೆ ನನಗೆ ಉತ್ತರ ಹೊಳೆಯಲಿಲ್ಲ. ಇದರಲ್ಲಿ ನಾಚಿಕೆಪಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಇದೆ. ಇಚೋನ್ ಊರಿನ ಒಂದು ಪಿಂಗಾಣಿ ಟೈಲ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷಗಳಿಂದ ನಾನು ಬಣ್ಣ ತಪಾಸಕ. ಕುಲುಮೆಯಿಂದ ಹೊರಬಿದ್ದ ಬಿಳಿ ಬಿಲ್ಲೆಗಳೆಲ್ಲ ನನ್ನ ಮೇಜಿನ ಮೇಲೆ ಹಾದು, ನನ್ನ ಒಪ್ಪಿಗೆ ಪಡೆದು, ಆಮೇಲಷ್ಟೇ ಜಗತ್ತಿನ ಬಚ್ಚಲುಮನೆಗಳನ್ನು ಸೇರಬೇಕು. ಹಾಲಿನ ಬಿಳುಪು, ಅಕ್ಕಿಯ ಬಿಳುಪು, ಮೊಟ್ಟೆಯ ಚಿಪ್ಪಿನ ಬಿಳುಪು ಎಂದು ಹನ್ನೊಂದು ಬಗೆಯನ್ನು ಬರಿಗಣ್ಣಿನಿಂದಲೂ, ಇನ್ನು ನಲವತ್ತನ್ನು ಯಂತ್ರದ ನೆರವಿನಿಂದಲೂ ಬೇರ್ಪಡಿಸಬಲ್ಲೆ. ಬಿಳುಪಿನ ವಿಷಯದಲ್ಲಿ ನನ್ನ ಮಾತೇ ಅಂತಿಮವೆಂದು ಕಾರ್ಖಾನೆಯವರು ನಂಬಿದ್ದಾರೆ, ನಾನಂತೂ ಅವರಿಗಿಂತ ಮೊದಲೇ ನಂಬಿದ್ದೆ. ಅಂಥ ನಾನು ಸಿಯೋಲ್ ನಗರದ ಗಂಗ್ನಮ್‌ನಲ್ಲಿ ಒಂದು ದಂತ ಚಿಕಿತ್ಸಾಲಯದ ಕುರ್ಚಿಯ ಮೇಲೆ ಅಂಗಾತ ಬಿದ್ದು, ಬಾಯಿ ತೆರೆದುಕೊಂಡು, ಉತ್ತರವಿಲ್ಲದೆ ಚಾವಣಿ ನೋಡುತ್ತಿದ್ದೆ. ಚಾವಣಿಯ ಬಿಳುಪು ಮೂರನೆಯ ದರ್ಜೆಯದು.

ಅಲ್ಲಿಗೆ ನಾನು ಹೋದದ್ದಕ್ಕೆ ಕಾರಣ ಹಿಂದಿನ ಶರತ್ಕಾಲದ ಒಂದು ಅವಮಾನ. ಹೊಸ ಟೈಲ್ಸ್‌ಗಳ ಕ್ಯಾಟಲಾಗಿನಲ್ಲಿ ಹಳೆಯ ನೌಕರನೊಬ್ಬನ ನಗುಮುಖವಿರಲಿ ಎಂದು ನಮ್ಮ ನಿರ್ದೇಶಕರಿಗೆ ತೋಚಿ, ನನ್ನನ್ನು ಬಿಳಿ ಬಿಲ್ಲೆಗಳ ಗೋಡೆಯ ಮುಂದೆ ನಿಲ್ಲಿಸಿದರು. ನಾನು ನಕ್ಕೆ. ಮಾರಾಟ ವಿಭಾಗದ ಮುಖ್ಯಸ್ಥೆ ಕ್ಯಾಮೆರಾದ ಪರದೆ ನೋಡಿದಳು, ನನ್ನನ್ನು ನೋಡಿದಳು, ಬಹಳ ಮರ್ಯಾದೆಯಿಂದ ಹೇಳಿದಳು: "ಸಾರ್, ಬಾಯಿ ಸ್ವಲ್ಪ ಮುಚ್ಕೋತೀರಾ? ಟೈಲ್ಸ್ ಬಣ್ಣ ಕೆಡ್ತಿದೆ."

ಚಿಕ್ಕಂದಿನಲ್ಲಿ ಜ್ವರಕ್ಕೆಂದು ನುಂಗಿಸಿದ ಯಾವುದೋ ಮಾತ್ರೆಯ ಕೃಪೆಯಿಂದ ನನ್ನ ಮೇಲಿನ ಮುಂದಿನ ಹಲ್ಲುಗಳು ಒಲೆಯ ಬೂದಿಯ ಬಣ್ಣದವು. ಕ್ಯಾಟಲಾಗಿನ ಚಿತ್ರವನ್ನು ವಸಂತಕ್ಕೆ ಮುಂದೂಡಿದರು. ಒಂದು ತಿಂಗಳು ಕೂತು ಓದಿ, ಆಮೇಲೆ ಹೆಂಡತಿ ಯಂಗ್‌ರಾನಳ ಮುಂದೆ ನಿಂತು ಸಂಕಲ್ಪವನ್ನು ಘೋಷಿಸಿದೆ.

"ನಾನು ಹಲ್ಲಿಗೆ ವಿನೀರ್ ಹಾಕಿಸ್ತೀನಿ."

"ಹಾಗಂದ್ರೆ?"

"ಹಲ್ಲಿನ ಮುಂಭಾಗಾನ ಕೂದಲೆಳೆಯಷ್ಟು ಕೆರೆದು, ಅದರ ಮೇಲೆ ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಹಾಳೆ ಅಂಟಿಸ್ತಾರೆ."

"ಅಂದ್ರೆ ಬಾಯಲ್ಲಿ ಟೈಲ್ಸ್ ಹಾಕಿಸ್ಕೋತೀರಿ."

ನಲವತ್ತು ವೈಜ್ಞಾನಿಕ ಲೇಖನಗಳನ್ನು ಓದಿ ನಾನು ತಲುಪಿದ್ದ ತಿಳಿವಳಿಕೆಗೆ ಅವಳು ಪಲ್ಯಕ್ಕೆ ಮೂಲಂಗಿ ಹೆಚ್ಚುತ್ತಲೇ ತಲುಪಿದ್ದಳು. ನಾನು ಧೃತಿಗೆಡಲಿಲ್ಲ. "ಎಲ್ಲರ ಹಾಗಲ್ಲ," ಎಂದೆ. "ನನ್ನ ಬಾಯಿ ನೋಡಿ ಭೂಮಿ ಮೇಲಿನ ಒಬ್ಬ ಮನುಷ್ಯನೂ 'ಇದು ಮಾಡಿಸಿದ್ದು' ಅನ್ನಬಾರದು. ಹಾಗೆ ಯಾರಾದ್ರೂ ಒಬ್ಬರು ಅಂದ್ರೂ ಈ ಕಣ್ಣಿಗೆ ಬೆಲೆ ಇಲ್ಲ ಅಂತ ಲೆಕ್ಕ. ಮಾರನೇ ದಿನಾನೇ ತಪಾಸಣೆ ಬಿಟ್ಟು ಪ್ಯಾಕಿಂಗ್ ವಿಭಾಗಕ್ಕೆ ಹೋಗಿ ರಟ್ಟಿನ ಡಬ್ಬಕ್ಕೆ ಟೇಪು ಸುತ್ತುತೀನಿ."

"ಪ್ಯಾಕಿಂಗ್‌ನವರನ್ನ ಒಂದ್ಮಾತು ಕೇಳಿದ್ದೀರಾ? ಅವರಿಗೆ ಬೇಕೋ ಬೇಡ್ವೋ," ಎಂದಳು ಯಂಗ್‌ರಾನ್.

ನನ್ನ ಮಾನವೆಲ್ಲ ಈ ಒಂದು ಷರತ್ತಿನ ಮೇಲೆ ನಿಂತಿತ್ತೆಂಬುದನ್ನು ಓದುಗರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾನು ಸಂದೇಹವಾದಿ. ಚಿಕಿತ್ಸಾಲಯದ ಗೋಡೆಯ ಮೇಲೆ 'ಮುಂಚೆ', 'ಆಮೇಲೆ' ಎಂದು ತೂಗುಹಾಕಿದ್ದ ಜೋಡಿ ಚಿತ್ರಗಳಲ್ಲಿ 'ಮುಂಚೆ'ಯನ್ನು ನೆಲಮಾಳಿಗೆಯ ಬೆಳಕಿನಲ್ಲೂ 'ಆಮೇಲೆ'ಯನ್ನು ಮದುವೆ ಮಂಟಪದ ಬೆಳಕಿನಲ್ಲೂ ತೆಗೆದಿದ್ದಾರೆಂಬುದನ್ನು ಒಳಗೆ ಕಾಲಿಟ್ಟ ಕ್ಷಣದಲ್ಲೇ ಕಂಡುಹಿಡಿದಿದ್ದೆ. ಡಾಕ್ಟರ್ ಗ್ವಾಕ್ ಎಂಬ ಆ ತಾಳ್ಮೆಯ ಮಹಿಳೆ ಬೀಸಣಿಗೆಯಂಥ ಹಿಡಿಕೆಗೆ ಸಾಲಾಗಿ ಸಿಕ್ಕಿಸಿದ ಮಾದರಿ ಹಲ್ಲುಗಳನ್ನು ನನ್ನ ಮುಂದೆ ಬಿಚ್ಚಿ, ಹೆಚ್ಚಿನವರು ಈ ತುದಿಯದನ್ನೇ ಆರಿಸುತ್ತಾರೆಂದು ತೋರಿಸಿದರು.

"ಡಾಕ್ಟರ್, ಇದು ಕಮೋಡಿನ ಬಿಳುಪು," ಎಂದೆ. "ನಾನು ತಮಾಷೆ ಮಾಡ್ತಿಲ್ಲ. ನಮ್ಮಲ್ಲಿ ಇದಕ್ಕೆ ನಂಬರ್ ಇದೆ."

ಪಕ್ಕದ ಕುರ್ಚಿಯಲ್ಲಿ ಅದೇ ನಂಬರಿನ ಹಲ್ಲುಗಳನ್ನು ಅಂದಷ್ಟೇ ಅಂಟಿಸಿಕೊಂಡಿದ್ದ ತರುಣನೊಬ್ಬ ಕನ್ನಡಿಯಿಂದ ತಲೆಯೆತ್ತಿ ನನ್ನನ್ನು ದಿಟ್ಟಿಸಿದ.

"ಹಾಗಾದ್ರೆ ನಿಮಗೆ ಯಾವುದು ಬೇಕು?"

ಮತ್ತೆ ಅದೇ ಪ್ರಶ್ನೆ. ಅಳೆಯುವವನಿಗೆ ಮೊದಲು ಒಂದು ಮಾನಕ ಬೇಕು. ಒಂದು ಮೀಟರ್ ಎಂದರೆ ಎಷ್ಟೆಂದು ಗೊತ್ತಿಲ್ಲದೆ ಬಟ್ಟೆ ಹರಿಯಲಾಗದು. ಅಂಗಡಿಯ ಮಾದರಿಗಳೆಲ್ಲ ಮಾರುವವನು ಮಾಡಿದವು. ನನಗೆ ಬೇಕಾದದ್ದು ಪ್ರಕೃತಿ ಮಾಡಿದ್ದು, ವೈದ್ಯನ ಕೈ ತಾಗದೆ ಉಳಿದ, ವಯಸ್ಸಾದ, ಪ್ರಾಮಾಣಿಕ ಹಲ್ಲಿನ ಸಾಲು. ಒಂದು ವಾರ ಸಮಯ ಕೇಳಿ ಮನೆಗೆ ಬರುವ ಬಸ್ಸಿನಲ್ಲಿ ಕುಳಿತಿದ್ದಾಗ ಉತ್ತರ ಹೊಳೆಯಿತು: ನನ್ನ ಮಾವ.

ಮಾವ ಯೋಮ್ ಅವರಿಗೆ ಆಗ ಎಂಬತ್ತಮೂರು. ಗ್ವೆಸಾನ್ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಸೈಕಲ್ಲಿನ ಮೇಲೆ ಟಪಾಲು ಹಂಚಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡ ಮೇಲೂ ಅದೇ ಊರಿನಲ್ಲಿ, ಕೋಳಿ ಸಾಕಿಕೊಂಡು, ದಿನಕ್ಕೆರಡು ಸಲ ಪಂಚಾಯಿತಿಯ ಕಟ್ಟೆಗೆ ಹೋಗಿ ಚೆಸ್ ಆಡಿ ಎಲ್ಲರನ್ನೂ ಸೋಲಿಸಿಕೊಂಡು ಗಟ್ಟಿಮುಟ್ಟಾಗಿದ್ದರು. ಅವರು ನಕ್ಕರೆ ಮೇಲಿನ ಆರೂ ಹಲ್ಲುಗಳು ಸುಲಿದ ಚೆಸ್ಟ್‌ನಟ್ ಬೀಜದ ಬಣ್ಣದಲ್ಲಿ, ಹೊಳಪೂ ಅಲ್ಲದ ಮಂಕೂ ಅಲ್ಲದ ಒಂದು ಗಾಂಭೀರ್ಯದಲ್ಲಿ ಕಾಣುತ್ತಿದ್ದವು. ಎಡಗಡೆಯ ಎರಡನೆಯದು ಮಾತ್ರ ಕವಾಯತಿನ ಸಾಲಿನಲ್ಲಿ ಅರ್ಧ ಹೆಜ್ಜೆ ಮುಂದಿಟ್ಟ ಸಿಪಾಯಿಯಂತೆ ಸ್ವಲ್ಪ ಹೊರಳಿ ನಿಂತಿತ್ತು. ಮನುಷ್ಯ ಮಾಡಿದ್ದು ನೆಟ್ಟಗಿರುತ್ತದೆ, ಪ್ರಕೃತಿ ಮಾಡಿದ್ದರಲ್ಲಿ ಒಂದಿಷ್ಟು ಸೊಟ್ಟವಿರುತ್ತದೆ ಎಂಬುದು ಓದಿನಿಂದಲೂ ಅನುಭವದಿಂದಲೂ ನಾನು ಕಂಡುಕೊಂಡ ನಿಯಮ. ಆ ಸೊಟ್ಟ ಹಲ್ಲು ಈ ನಿಯಮಕ್ಕೆ ಪ್ರಕೃತಿಯೇ ಹಾಕಿದ ಸಹಿ. ಇದಕ್ಕೆಲ್ಲ ಮೇಲಾಗಿ, "ನಾನು ಹಲ್ಲಿನ ಡಾಕ್ಟರ ಮುಖ ನೋಡಿದವನಲ್ಲ," ಎಂದು ಮಾವ ಪ್ರತಿ ಹಬ್ಬದಲ್ಲೂ ಹೇಳುತ್ತಿದ್ದರು. ಅದು ಅಕ್ಷರಶಃ ನಿಜವಾಗಿತ್ತು.

ಚಾಂದ್ರಮಾನ ಹೊಸವರ್ಷದ ಹಿಂದಿನ ದಿನ ಮಧ್ಯಾಹ್ನ ನಾವಿಬ್ಬರೂ ಗ್ವೆಸಾನ್ ತಲುಪಿದೆವು. ನನ್ನ ಚೀಲದಲ್ಲಿ ಕಾರ್ಖಾನೆಯ ಬಣ್ಣಮಾಪಕವಿತ್ತು. ಹಬ್ಬಕ್ಕೆಂದು ಯಂಗ್‌ರಾನ್ ಗಿರಣಿಯಿಂದ ತಂದಿದ್ದ, ಹೆಬ್ಬೆರಳ ಗಾತ್ರದ ಉದ್ದನೆಯ ಅಕ್ಕಿಯ ಕಡುಬುಗಳು ಬಿಸಿಬಿಸಿಯಾಗಿದ್ದವು. ಮಾವ ಒಂದನ್ನೆತ್ತಿ, ಜೇನಿನಲ್ಲಿ ಅದ್ದಿ, ನಿಧಾನವಾಗಿ ಕಚ್ಚಿದರು. ಉಳಿದ ತುಂಡಿನ ತುದಿಯಲ್ಲಿ ಅವರ ಆರು ಹಲ್ಲುಗಳ ಅಚ್ಚು, ಸೊಟ್ಟದ್ದೂ ಸೇರಿ, ಎಷ್ಟು ಸ್ಪಷ್ಟವಾಗಿ ಮೂಡಿತ್ತೆಂದರೆ ನನ್ನ ಕೈಗಳು ತಾವಾಗಿಯೇ ಮುಂದೆ ಹೋದವು.

"ಮಾವ, ಅದನ್ನ ನನಗೆ ಕೊಡಿ."

"ತಟ್ಟೆ ತುಂಬ ಇದೆಯಲ್ಲಾ ಅಳಿಯಂದಿರೇ."

"ಅವಲ್ಲ. ಇದೇ ಬೇಕು."

ಹಿರಿಯರು ಕಚ್ಚಿದ ಕಡುಬನ್ನು ಅವರ ಕೈಯಿಂದಲೇ ಕಿತ್ತುಕೊಳ್ಳುವುದು ನಮ್ಮ ದೇಶದಲ್ಲಿ ಯಾವ ತರಗತಿಯ ಅಪರಾಧವೆಂದು ಈವರೆಗೆ ಯಾರೂ ನಿರ್ಧರಿಸಿಲ್ಲ, ಏಕೆಂದರೆ ಈವರೆಗೆ ಯಾರೂ ಅದನ್ನು ಮಾಡಿರಲಿಲ್ಲ. ನಾನು ಎರಡೂ ಕೈಯಿಂದ, ತಲೆಬಾಗಿ, ಸಂಪೂರ್ಣ ವಿನಯದಿಂದ ಕಿತ್ತುಕೊಂಡೆ. ಮಾವ ಮಗಳ ಕಡೆ ತಿರುಗಿದರು.

"ಯಂಗ್‌ರಾನ್, ಮನೇಲಿ ಇವರಿಗೆ ಊಟ ಹಾಕ್ತೀಯೋ ಇಲ್ವೋ?"

"ಹಾಕ್ತೀನಪ್ಪ. ತಿಂದಿದ್ದೆಲ್ಲ ತಲೆಗೆ ಹೋಗುತ್ತೆ, ಅಲ್ಲೇ ಕೊಳೆಯುತ್ತೆ."

ಮಾದರಿಯನ್ನು ಡಬ್ಬಿಯಲ್ಲಿಟ್ಟು, ಫ್ರಿಜ್ಜಿನ ಮೇಲಿನ ಅರೆಯಲ್ಲಿ ಭದ್ರಪಡಿಸಿ ನೆಮ್ಮದಿಯಿಂದ ಮಲಗಿದೆ. ಹೊಸವರ್ಷದ ಬೆಳಿಗ್ಗೆ ಕಡುಬಿನ ಹೋಳುಗಳ ಸಾರು ಉಣ್ಣುವುದು, ಉಂಡವರಿಗೆಲ್ಲ ಒಂದು ವರ್ಷ ವಯಸ್ಸು ಕೂಡುವುದು ವಾಡಿಕೆ. ಬಟ್ಟಲು ಖಾಲಿ ಮಾಡಿ, ಸಾರು ರುಚಿಯಾಗಿದೆಯೆಂದು ಹೊಗಳಿ, ಡಬ್ಬಿ ನೋಡಲು ಹೋದೆ. ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಅದಾ?" ಎಂದಳು ಯಂಗ್‌ರಾನ್. "ಗಟ್ಟಿಯಾಗಿತ್ತು. ಹೆಚ್ಚಿ ಸಾರಿಗೆ ಹಾಕ್ದೆ. ಒಂದು ಹೋಳಿನ ಅಂಚು ಸೊಟ್ಟಪಟ್ಟ ಇತ್ತು, ಅದನ್ನ ನಿಮ್ಮ ಬಟ್ಟಲಿಗೇ ಬಡಿಸ್ದೆ. ನೀವು ಕೇಳಿ ಕೇಳಿ ಇಸ್ಕೊಂಡಿದ್ರಲ್ಲ."

ಅಳತೆಯ ಇತಿಹಾಸದಲ್ಲಿ ಮಾನಕವನ್ನು ಕಳೆದುಕೊಂಡವರಿದ್ದಾರೆ, ಮುರಿದವರೂ ಇದ್ದಾರೆ. ಈರುಳ್ಳಿಸೊಪ್ಪು ಉದುರಿಸಿಕೊಂಡು ನುಂಗಿದವನು ಬಹುಶಃ ನಾನೊಬ್ಬನೇ.

ಉಳಿದದ್ದು ಬಣ್ಣಮಾಪಕ. ಊಟವಾದ ಮೇಲೆ ಮಾವ ಬೆಚ್ಚಗಿನ ನೆಲದ ಮೇಲೆ ಅಡ್ಡಾಗಿ, ಬಾಯಿ ಕೊಂಚ ತೆರೆದು ನಿದ್ದೆಹೋದರು. ನಾನು ಮಂಡಿಯೂರಿ ತೆವಳಿಕೊಂಡು ಹೋಗಿ, ಉಸಿರು ಬಿಗಿಹಿಡಿದು, ಯಂತ್ರದ ಮೂತಿಯನ್ನು ಅವರ ತುಟಿಯ ಹತ್ತಿರ ತಂದೆ. ಅದು ಅಳೆಯುವಾಗ ಒಂದು ಮಿಂಚು ಹೊಡೆಯುತ್ತದೆ ಎಂಬುದನ್ನು, ಇಪ್ಪತ್ತೊಂದು ವರ್ಷ ದಿನಕ್ಕೆ ನೂರು ಬಾರಿ ಆ ಮಿಂಚನ್ನು ನೋಡಿದ ನಾನು, ಮರೆತಿದ್ದೆ.

ಮಾವ ಕಣ್ಣು ತೆರೆದರು. ಅಲುಗಾಡಲಿಲ್ಲ.

"ಅಳಿಯಂದಿರೇ," ಎಂದರು, "ನಾನಿನ್ನೂ ಉಸಿರಾಡ್ತಿದ್ದೀನಿ."

ಅಲ್ಲಿಂದ ಮುಂದೆ ಅವರು ನನ್ನೆದುರು ನಗುವುದನ್ನು ಬಿಟ್ಟರು. ಮಾತಾಡುವಾಗ ಅಂಗೈ ಅಡ್ಡ ಹಿಡಿದರು. ಸಂಜೆಯ ಊಟಕ್ಕೆ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಅಡುಗೆಮನೆಯಲ್ಲಿ ಮಗಳಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ನಿನ್ನ ಗಂಡ ನನ್ನ ಬಾಯೊಳಗೆ ಏನೋ ಹುಡುಕ್ತಾ ಇದಾರೆ ಕಣೇ. ಏನು ಸುದ್ದಿ ಹತ್ತಿದೆ ಅವರಿಗೆ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮಾರನೆಯ ದಿನ ಹೊರಡುವ ಮುಂಚೆ ಅವರೆದುರು ಕುಳಿತು ಎಲ್ಲವನ್ನೂ ಹೇಳಿದೆ: ಬೂದಿ ಬಣ್ಣದ ನನ್ನ ಹಲ್ಲು, ಕ್ಯಾಟಲಾಗು, ಅಂಗಡಿಯ ಮಾದರಿಗಳ ಅಪ್ರಾಮಾಣಿಕತೆ, ಪ್ರಕೃತಿಯ ಸಹಿ. "ನನಗೆ ನಿಮ್ಮ ಹಲ್ಲಿನ ಹಾಗೇ ಬೇಕು ಮಾವ. ಬಣ್ಣ, ಆಕಾರ, ಆ ಸೊಟ್ಟದ್ದೂ ಸೇರಿ."

ಮಾವ ಬಾಗಿಲ ಕಡೆ ತಿರುಗಿದರು. ಅಂಗಳದ ಕೋಳಿಗಳನ್ನೇ ನೋಡುತ್ತಿದ್ದರು.

"ಬೇಡ," ಎಂದರು ಕಡೆಗೆ.

"ಯಾಕೆ?"

"ಏನೋ, ಸುಮಾರಾದ ಹಲ್ಲು ಇದು. ಪೇಟೇಲಿ ಇದಕ್ಕಿಂತ ಒಳ್ಳೇದು ಸಿಗುತ್ತೆ ನಿಮಗೆ."

"ಪೇಟೇಲಿ ಸಿಗೋದೆಲ್ಲ ನಕಲಿ, ಮಾವ."

"ಅಯ್ಯೋ," ಎಂದರು ಮಾವ. ಆ ಅಯ್ಯೋದಲ್ಲಿ ನನಗೆ ವಿನಯ ಕಂಡಿತು. ಮಹಾತ್ಮರೆಲ್ಲ ತಮ್ಮಲ್ಲಿರುವುದನ್ನು ಹೀಗೇ ಅಲ್ಲಗಳೆಯುತ್ತಾರೆಂದು ತಿಳಿದು, ಎದ್ದು ನಿಂತು, ಹಬ್ಬದ ದಿನ ಮಾಡುವಂತೆ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದೆ. ಎಂಬತ್ತಮೂರರ ಮುದುಕ ಅದಕ್ಕಿಂತ ಹೆಚ್ಚು ತಡೆಯಲಾರ. "ಒಂದೇ ಮಾತು," ಎಂದರು. "ಅಚ್ಚು ನಾನೇ ತೆಗೆದುಕೊಡ್ತೀನಿ. ಯಾರೂ ನೋಡ್ತಾ ನಿಲ್ಲಬಾರದು. ನನಗೆ ಸಂಕೋಚ."

ಇಂಥ ಸಂದರ್ಭಕ್ಕೆಂದೇ ಕಾರ್ಖಾನೆಯಿಂದ ತಂದಿದ್ದ ಜೇಡಿಮಣ್ಣಿನ ಮುದ್ದೆಯನ್ನು ಕೊಟ್ಟೆ. ಅವರು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ನಲ್ಲಿ ಹರಿದ ಸದ್ದಾಯಿತು. ಐದು ನಿಮಿಷದ ಮೇಲೆ ಬಂದು ಕೊಟ್ಟ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದೆ. ಸಾಮಾನ್ಯವಾಗಿ ಕಚ್ಚುವಾಗ ದವಡೆ ಅಷ್ಟಿಷ್ಟು ಜಾರಿ ಅಚ್ಚು ಮಸುಕಾಗುತ್ತದೆ. ಇಲ್ಲಿ ಒಂದೆಳೆಯೂ ಜಾರಿರಲಿಲ್ಲ. ಮುಂದಿನಿಂದ, ಹಿಂದಿನಿಂದ, ಅಂಗುಳಿನ ಅಂಚಿನವರೆಗೆ ಎಲ್ಲವೂ ಕಡೆದಿಟ್ಟಂತೆ ಮೂಡಿತ್ತು. "ನೋಡು, ಕೈ ನಡುಗುವ ವಯಸ್ಸಿನಲ್ಲಿ ದವಡೆ ಎಷ್ಟು ಸ್ಥಿರವಾಗಿದೆ," ಎಂದು ಹೆಂಡತಿಗೆ ತೋರಿಸಿದೆ. ಬಣ್ಣಮಾಪಕಕ್ಕೂ ಮಾವ ಒಂದು ಕ್ಷಣ ತುಟಿ ಸರಿಸಿ ಅವಕಾಶ ಕೊಟ್ಟರು. ಮನುಷ್ಯನ ಕೋರೆಹಲ್ಲು ಉಳಿದವುಗಳಿಗಿಂತ ಕೊಂಚ ಕಂದಾಗಿರುತ್ತದೆ ಎಂದು ನಾನು ಓದಿದ ಲೇಖನಗಳೆಲ್ಲ ಹೇಳಿದ್ದವು. ಮಾವನವರ ಆರೂ ಹಲ್ಲುಗಳ ಬಣ್ಣ ಒಂದೇ ಅಂಕೆಯಲ್ಲಿ ನಿಂತಿತು. ನಾನು ಟಿಪ್ಪಣಿ ಪುಸ್ತಕದಲ್ಲಿ 'ಅಪೂರ್ವ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಸಂದೇಹವಾದಿಗೆ ತನ್ನ ಸಂದೇಹವನ್ನು ಎಲ್ಲಿ ಬಳಸಬೇಕೆಂಬುದೊಂದನ್ನು ಬಿಟ್ಟು ಉಳಿದೆಲ್ಲ ಗೊತ್ತಿರುತ್ತದೆ.

ಡಾಕ್ಟರ್ ಗ್ವಾಕ್ ಮಣ್ಣಿನ ಅಚ್ಚನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇವರ ವಯಸ್ಸೆಷ್ಟು?"

"ಎಂಬತ್ತಮೂರು. ಒಂದು ದಿನವೂ ನಿಮ್ಮಂಥವರ ಹತ್ತಿರ ಹೋದವರಲ್ಲ."

"ಹೌದಾ," ಎಂದರು ಡಾಕ್ಟರ್. ನನ್ನ ಮುಖವನ್ನು ಒಂದು ಗಳಿಗೆ ನೋಡಿದರು, ಏನೋ ಹೇಳಹೊರಟವರು ಬಿಟ್ಟರು. "ಎಡಗಡೇದು ತಿರುಗಿದೆ. ನೆಟ್ಟಗೆ ಮಾಡಿಸಲಾ?"

"ಅದನ್ನ ಮಾತ್ರ ಮುಟ್ಟಬೇಡಿ."

"ಸಾರ್, ಸೊಟ್ಟ ಇರೋರು ನೆಟ್ಟಗೆ ಮಾಡ್ಸೋಕೆ ಬರ್ತಾರೆ ಇಲ್ಲಿಗೆ. ನಿಮ್ಮ ಹಲ್ಲು ಬಣ್ಣ ಬಿಟ್ರೆ ನೆಟ್ಟಗೇ ಇದೆ."

"ಗೊತ್ತು. ನನ್ನದು ಉಲ್ಟಾ ಕೇಸು."

ಉಲ್ಟಾ ಕೇಸಿಗೆಂದು ಪ್ರತ್ಯೇಕವಾಗಿ ಒಂದು ಕಾಗದ ಸಿದ್ಧಪಡಿಸಿ, ಹಲ್ಲು ಸೊಟ್ಟವಾಗಿರುವುದು ನನ್ನ ಸ್ವಂತ ಇಚ್ಛೆಯಿಂದಲೇ ಎಂದು ಸಹಿ ಹಾಕಿಸಿಕೊಂಡರು. ಹಲ್ಲು ಕೆರೆದು, ತಾತ್ಕಾಲಿಕ ಹಾಳೆ ಅಂಟಿಸಿ ಕಳಿಸಿದರು. ಒಂದು ವಾರ ಗಂಜಿ ಕುಡಿದೆ. ಆಮೇಲೆ ನಿಜವಾದ ಪಿಂಗಾಣಿ ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ಮಾವನ ನಗು ನನ್ನ ಮೂಗಿನ ಕೆಳಗೆ ಕುಳಿತಿತ್ತು.

ಕಾರ್ಖಾನೆಯಲ್ಲಿ ಒಂದು ವಾರ ಎಲ್ಲರ ಮುಂದೂ ಬೇಕೆಂದೇ ನಕ್ಕೆ. ಯಂತ್ರ ಕೆಟ್ಟಾಗ ನಕ್ಕೆ, ಸಭೆಯಲ್ಲಿ ನಕ್ಕೆ, ಒಡೆದ ಬಿಲ್ಲೆಗಳ ವರದಿ ಓದುವಾಗಲೂ ನಕ್ಕೆ. ನಿರ್ದೇಶಕರು ಕರೆದು ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರು. ಹಲ್ಲಿನ ಬಗ್ಗೆ ಒಬ್ಬರೂ ಒಂದಕ್ಷರ ಎತ್ತಲಿಲ್ಲ. ಗೆಲುವಿನಿಂದ ಬೀಗುತ್ತ ಯಂಗ್‌ರಾನಳಿಗೆ ಹೇಳಿದೆ: "ಯಾರಿಗೂ ಗೊತ್ತೇ ಆಗ್ಲಿಲ್ಲ."

"ಗೊತ್ತಾಗದೇ ಇರೋ ಹಾಗೆ ಇರೋಕೆ ಏನೂ ಮಾಡಿಸದೇ ಇದ್ದಿದ್ರೂ ಆಗ್ತಿತ್ತಲ್ಲ," ಎಂದಳು.

ಕ್ಯಾಟಲಾಗಿನ ಚಿತ್ರ ತೆಗೆದರು. ಈ ಬಾರಿ ಬಾಯಿ ಮುಚ್ಚಿಕೊಳ್ಳಿರೆಂದು ಯಾರೂ ಹೇಳಲಿಲ್ಲ. ಆದರೆ ನಮ್ಮ ಛಾಯಾಗ್ರಾಹಕರಿಗೆ ಮನುಷ್ಯನ ಮುಖವನ್ನು ಬಂದ ಹಾಗೆ ಬಿಡುವ ಅಭ್ಯಾಸವಿಲ್ಲ. ಗುರುತಿನ ಚೀಟಿಯ ಚಿತ್ರವನ್ನೂ ತಿದ್ದಿ ಹತ್ತು ವರ್ಷ ಕಿರಿದು ಮಾಡಿ ಕೊಡುವವರು ಅವರು. ಅಚ್ಚಾಗಿ ಬಂದ ಪುಟದಲ್ಲಿ ನನ್ನ ಸೊಟ್ಟ ಹಲ್ಲು ನೆಟ್ಟಗೆ ನಿಂತು, ಆರೂ ಹಲ್ಲುಗಳು ಹಿಂದಿನ ಗೋಡೆಗಿಂತ ಬೆಳ್ಳಗಿದ್ದವು. ಓಡಿಹೋಗಿ, "ನನ್ನ ಹಲ್ಲನ್ನ ವಾಪಸ್ ಸೊಟ್ಟ ಮಾಡಿ," ಎಂದು ಜಗಳವಾಡಿದೆ. "ಸಾರ್, ಎಲ್ಲರಿಗೂ ಪುಕ್ಕಟೆ ಮಾಡಿಕೊಡ್ತೀನಿ, ಥ್ಯಾಂಕ್ಸ್ ಹೇಳ್ತಾರೆ," ಎಂದು ಆತ ಮುಖ ಚಿಕ್ಕದು ಮಾಡಿಕೊಂಡ.

ಅದು ಕಾಗದದ ಮೇಲಿನ ಸುಳ್ಳು, ಬಾಯಿಯೊಳಗಿನದು ಸತ್ಯ ಎಂದು ಸಮಾಧಾನಪಟ್ಟೆ. ಸುಗ್ಗಿಯ ಹುಣ್ಣಿಮೆ ಹಬ್ಬಕ್ಕೆ ಗ್ವೆಸಾನ್‌ಗೆ ಹೋದಾಗ ಮಾವ ನನ್ನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಬಹಳ ಹತ್ತಿರದಿಂದ, ಕನ್ನಡಕ ಹಣೆಗೇರಿಸಿ ನೋಡಿದರು.

"ಸೊಟ್ಟದ್ದನ್ನೂ ಬಿಡಲಿಲ್ಲವಲ್ಲಾ ಮಹರಾಯರೇ," ಎಂದು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಹತ್ತೊಂಬತ್ತು ವರ್ಷ ಅಳಿಯನಾಗಿದ್ದು ಅವರನ್ನು ಅಷ್ಟು ನಗಿಸಿದ್ದು ಅದೇ ಮೊದಲು. ನನ್ನ ಶ್ರಮಕ್ಕೆ ಹಿರಿಯರ ಮೆಚ್ಚುಗೆ ಸಿಕ್ಕಿತೆಂದು ನಾನೂ 'ಅವರ' ಹಲ್ಲು ಬಿಟ್ಟು ನಕ್ಕೆ. ಅಂದು ಹೊರಡುವಾಗ ಬೇಲಿಯವರೆಗೆ ಬಂದು, ಏನೋ ಹೇಳಬೇಕೆಂಬಂತೆ ನನ್ನ ತೋಳು ಹಿಡಿದು, "ಮುಂದಿನ ಸಲ ಬಂದಾಗ ಹೇಳ್ತೀನಿ," ಎಂದರು.

ನವೆಂಬರಿನಲ್ಲಿ ಮಾವ ನಿದ್ದೆಯಲ್ಲೇ ತೀರಿಕೊಂಡರು.

ತುಂಬು ವಯಸ್ಸಿನ, ನೋವಿಲ್ಲದ ಸಾವು. ಬಂದವರು ಹೆಚ್ಚು ಅಳಲಿಲ್ಲ, ದನದ ಮಾಂಸದ ಖಾರದ ಸಾರು ಉಂಡು ಹಳೆಯ ಕಥೆ ಹೇಳಿದರು. ಯಂಗ್‌ರಾನ್ ಒಬ್ಬಳೇ ಮಗಳಾದ್ದರಿಂದ ಗಂಡುಮಕ್ಕಳು ನಿಲ್ಲುವ ಜಾಗದಲ್ಲಿ ನಾನು ಕಪ್ಪು ಕೋಟು ತೊಟ್ಟು, ತೋಳಿಗೆ ಪಟ್ಟಿ ಕಟ್ಟಿಕೊಂಡು, ಬಂದವರಿಗೆಲ್ಲ ಪ್ರತಿವಂದನೆ ಮಾಡುತ್ತ ನಿಂತೆ. ಸೇವಂತಿಗೆಗಳ ನಡುವೆ ಮಾವನ ಚಿತ್ರ ನಗುತ್ತಿತ್ತು. ಟಪಾಲು ಹಂಚಿದ ಹಳ್ಳಿಗಳ ಮುದುಕಿಯರು ಚಿತ್ರ ನೋಡಿ, "ಎಂಥಾ ಹಲ್ಲಪ್ಪಾ, ಕೊನೇವರೆಗೂ ಒಂದೂ ಉದುರಲಿಲ್ಲ," ಎಂದರು. ಒಬ್ಬಾಕೆಯಂತೂ ನನ್ನನ್ನೂ ಚಿತ್ರವನ್ನೂ ಬದಲಿಸಿ ಬದಲಿಸಿ ನೋಡಿ, "ಮಗ ಥೇಟ್ ಅಪ್ಪನ ಹಾಗೇ," ಎಂದಳು. ಮಗನಲ್ಲ, ಅಳಿಯ ಎಂದು ಯಂಗ್‌ರಾನ್ ತಿದ್ದಿದಳು. ನನಗೆ ತಿದ್ದುವ ಮನಸ್ಸಿರಲಿಲ್ಲ. ಆ ಗಳಿಗೆಯಲ್ಲಿ ದುಃಖದ ನಡುವೆಯೂ ನನ್ನ ಷರತ್ತು ಗೆದ್ದಿತ್ತು. ಒಬ್ಬ ಮನುಷ್ಯನೂ 'ಮಾಡಿಸಿದ್ದು' ಎಂದಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ, ಅಳತೆ ಮೀರಿದ ಕೋಟು ತೊಟ್ಟ ಒಬ್ಬ ಮುದುಕ ಕೋಲೂರಿಕೊಂಡು ಬಂದ. ಚಿತ್ರಕ್ಕೆ ಎರಡು ಸಲ ನಮಸ್ಕರಿಸಿದ, ನಮಗೊಂದು ಸಲ. ನಾನು ವಾಡಿಕೆಯ ಮಾತು ಹೇಳಿದೆ: "ಇಷ್ಟು ದೂರ ಬಂದಿರಿ, ದೊಡ್ಡ ಉಪಕಾರ."

ಮುದುಕ ನನ್ನ ಬಾಯಿಯನ್ನೇ ನೋಡಿದ.

"ನಿಮಗೆ ಯಾವ ವರ್ಷ ಮಾಡಿಕೊಟ್ಟೆ ನಾನು?"

"ಏನನ್ನ, ಅಜ್ಜ?"

"ಹಲ್ಲು. ಮೇಲಿನ ಆರು. ಕೆಲಸ ನನ್ನದೇ, ನೋಡಿದ ಕೂಡ್ಲೇ ಗೊತ್ತಾಯ್ತು. ನಿಮ್ಮ ಮುಖ ಮಾತ್ರ ನೆನಪಿಗೆ ಬರ್ತಿಲ್ಲ. ವಯಸ್ಸಾಯ್ತು ನೋಡಿ."

ಯಂಗ್‌ರಾನ್ ಹತ್ತಿರ ಸರಿದಳು. ಮುದುಕ ಅತ್ತಿತ್ತ ನೋಡಿ ದನಿ ತಗ್ಗಿಸಿದ. ಆತನಿಗೆ ಓದೂ ಇರಲಿಲ್ಲ, ಪರವಾನಗಿಯೂ ಇರಲಿಲ್ಲ. ಆ ಕಾಲದಲ್ಲಿ ಚೀಲವೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿ, ಅಡುಗೆಮನೆಗಳಲ್ಲಿ ಕುಳಿತು ಕಟ್ಟುಹಲ್ಲು ಮಾಡಿಕೊಡುತ್ತಿದ್ದನಂತೆ. "ಈಗ ಹೇಳಿದ್ರೆ ಯಾರೂ ಹಿಡ್ಕೊಂಡು ಹೋಗಲ್ಲ, ಅಲ್ವಾ? ಟಪಾಲಿನ ಯೋಮ್‌ಗೆ ಮೂವತ್ತೆಂಟು ವರ್ಷ ಆಗ. ಮಂಜಿನ ಮೇಲೆ ಸೈಕಲ್ ಜಾರಿ ಸೇತುವೆ ಕಲ್ಲಿಗೆ ಬಾಯಿ ಬಡಿದು ಮುಂದಿನ ಆರೂ ಹೋಗಿದ್ವು. ಬಸುರಿ ಹೆಂಡತಿ ತವರಿನಲ್ಲಿದ್ಲು. ಎರಡು ತಿಂಗಳು ಮೂತಿಗೆ ಮಫ್ಲರ್ ಸುತ್ಕೊಂಡೇ ಟಪಾಲು ಹಂಚಿದ. ಆಮೇಲೆ ನಾಲ್ಕು ಸಲ ಹೊಸದು ಮಾಡಿಕೊಟ್ಟಿದ್ದೀನಿ. ಪ್ರತಿ ಸಲಾನೂ 'ಹಳೇದರ ಹಾಗೇ ಇರಲಿ, ಮಗಳಿಗೆ ಗೊತ್ತಾಗಬಾರದು' ಅಂತಿದ್ದ."

ಯಂಗ್‌ರಾನ್ ಶೋಕದುಡುಪಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಭುಜಗಳು ಕುಲುಕುತ್ತಿದ್ದವು. ಬಂದವರು ಅಳುತ್ತಿದ್ದಾಳೆಂದು ತಿಳಿದು ಮರುಗಿದರು. ನನಗೆ ಹಾಗನ್ನಿಸಲಿಲ್ಲ, ಆದರೆ ಅವಳು ಮತ್ತೆ ಈಚೆ ತಿರುಗಿದಾಗ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

ನಾನು ಕೊನೆಯ ಆಸರೆಗೆ ಕೈಚಾಚಿದೆ. "ಆದರೆ ಅಜ್ಜ, ಎಡಗಡೆಯ ಆ ಸೊಟ್ಟದ್ದು? ಅವರ ಹುಟ್ಟು ಹಲ್ಲು ಹಾಗೇ ಇತ್ತು, ಅದನ್ನ ನೋಡಿ ಮಾಡಿದ್ರಿ, ಅಲ್ವಾ?"

"ಎಲ್ಲಿಂದ? ಅವನ ಹುಟ್ಟು ಹಲ್ಲು ದಾರದಲ್ಲಿ ಹಿಡಿದ ಹಾಗೆ ನೆಟ್ಟಗಿತ್ತು. ಆವತ್ತು ಏದುಸಿರು ಬಿಡ್ತಾ ಬಂದ. 'ಹೆಣ್ಣು ಮಗು ಆಗಿದೆಯಂತೆ, ಸಂಜೆ ಬಸ್ಸಿಗೆ ನೋಡೋಕೆ ಹೋಗ್ಬೇಕು, ಮಗು ಮೊದಲ ಸಲ ನೋಡುವಾಗ ಹಲ್ಲಿಲ್ಲದ ಬಾಯಿ ಬೇಡ' ಅಂದ. ನನ್ನ ಹತ್ರ ಅವನ ಅಳತೇದು ಐದೇ ಇತ್ತು. ಗಿರಣಿ ಮಾಲೀಕನಿಗೆ ಅಂತ ತೆಗೆದಿಟ್ಟ ದೊಡ್ಡ ಹಲ್ಲೊಂದಿತ್ತು, ಅದನ್ನ ತುರುಕಿ ನೋಡ್ದೆ, ಹಿಡೀಲಿಲ್ಲ. ಸ್ವಲ್ಪ ತಿರುಗಿಸಿ ಕೂರಿಸ್ದೆ. 'ಮುಂದಿನ ವಾರ ಬಾ, ನೆಟ್ಟಗೆ ಮಾಡಿಕೊಡ್ತೀನಿ' ಅಂದೆ. ವಾರ ಬಿಟ್ಟು ಬಂದ, ಆದ್ರೆ ಮುಟ್ಟೋಕೆ ಬಿಡಲಿಲ್ಲ. ಮಗು ಆ ಹಲ್ಲನ್ನೇ ಬೆರಳಲ್ಲಿ ಹಿಡ್ಕೊಂಡು ನಿದ್ದೆ ಮಾಡುತ್ತಂತೆ."